ಅರ್ಧ ಗಂಟೆಯ ಅಧ್ಯಕ್ಷರು

1987ರ ಜನವರಿ 9, ಶುಕ್ರವಾರ. ಬೆಳಿಗ್ಗೆ ಏಳು ಗಂಟೆಗೆ ಶೂನ್ಯಕ್ಕಿಂತ ಮೂವತ್ತನಾಲ್ಕು ಡಿಗ್ರಿ ಕೆಳಗೆ. ಗಾಳಿ ಇಲ್ಲ. ಚಿಮಣಿಗಳ ಹೊಗೆ ನೆಟ್ಟಗೆ ಮೇಲೇರಿ, ಮುಂದೇನು ಮಾಡಬೇಕೆಂದು ತೋಚದೆ ಅಲ್ಲೇ ನಿಂತಿದೆ. ಕಾರು ಮೊದಲ ಯತ್ನಕ್ಕೇ ಶುರುವಾಯಿತು. ಇದು ಸತತ ನಲವತ್ತಾರನೆಯ ಬಾರಿ.

ಇಷ್ಟನ್ನು ತೈಸ್ತೋ ಹುರ್ಸ್ಕಾಯ್ನೆನ್ ತಮ್ಮ ದಿನಚರಿಯಲ್ಲಿ ಬರೆದು (ಶಾಯಿ ಹೆಪ್ಪುಗಟ್ಟುವುದರಿಂದ ಪೆನ್ಸಿಲಿನಲ್ಲಿ), 'ನಲವತ್ತಾರನೆಯ' ಎಂಬುದರ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದರು. ಪಕ್ಕದ ಸೀಟಿನಲ್ಲಿ ಅವರ ಹೆಂಡತಿ ಇರ್ಮೆಲಿ ಎರಡು ಕೋಟು ಮತ್ತು ಒಂದು ಮೌನವನ್ನು ಹೊದ್ದು ಕುಳಿತಿದ್ದರು.

"ಬರ್ದಾಯ್ತಾ? ನನ್ನ ಕಾಲಿದೆಯೋ ಇಲ್ವೋ ಅಂತ ಬಗ್ಗಿ ನೋಡ್ಬೇಕಾಗಿದೆ."

"ಇತಿಹಾಸ ಆಗ್ತಿರುವಾಗ ಎರಡು ನಿಮಿಷ ಕಾಯ್ಬೇಕಮ್ಮ."

"ಇತಿಹಾಸಕ್ಕೆ ಹೀಟರ್ ಇದ್ದಿದ್ರೆ ಚೆನ್ನಾಗಿತ್ತು."

ಕಾರಿಗೆ ಹೀಟರ್ ಇತ್ತು. ಆದರೆ ಫಿನ್ಲೆಂಡಿನ ಉತ್ತರಕ್ಕಿರುವ ಕಾಯಾನಿ ಪಟ್ಟಣದ ಚಳಿಗಾಲದಲ್ಲಿ, ಸಾವಿರ ಸಿಸಿಗೂ ಕಡಿಮೆಯ ಎಂಜಿನ್ನಿನಿಂದ ಬಿಸಿಗಾಳಿ ನಿರೀಕ್ಷಿಸುವುದು ಬೆಂಕಿಕಡ್ಡಿಯ ಮೇಲೆ ಸ್ನಾನದ ನೀರು ಕಾಯಿಸಿದ ಹಾಗೆ. ರಾತ್ರಿಯೆಲ್ಲ ನಿಂತು ಟೈರುಗಳ ತಳ ಚಪ್ಪಟೆಯಾಗಿದ್ದರಿಂದ ಮೊದಲ ಒಂದು ಕಿಲೋಮೀಟರು ವಾಹನ ಎತ್ತಿನಗಾಡಿಯಂತೆ ದಡಬಡಿಸುತ್ತ ಸಾಗಿತು. ಸೀಟು ಹಲಗೆಯಾಗಿತ್ತು. ಗೇರು ಬದಲಿಸುವಾಗ ಗಟ್ಟಿಯಾದ ಬೆಲ್ಲದ ಪಾಕದಲ್ಲಿ ಸೌಟು ತಿರುವಿದ ಅನುಭವ. ಇಬ್ಬರ ಉಸಿರೂ ಗಾಜಿನ ಒಳಮೈಗೆ ಮಂಜಾಗಿ ಅಂಟುತ್ತಿತ್ತು. ಇರ್ಮೆಲಿ ತಮ್ಮ ಗ್ರಂಥಾಲಯದ ಕಾರ್ಡಿನಿಂದ ಅದನ್ನು ಕೆರೆದು, ಗಂಡನಿಗೆ ಅಂಗೈಯಗಲದ ಜಗತ್ತನ್ನು ಒದಗಿಸುತ್ತಿದ್ದರು.

"ಆ ಕಡೆ ಸ್ವಲ್ಪ ಕೆರಿ."

"ಕಡಿಮೆ ಉಸಿರಾಡಿ."

ಭೂಮಾಪನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ತೈಸ್ತೋ ಇದಾವುದನ್ನೂ ಲೆಕ್ಕಿಸುವ ಸ್ಥಿತಿಯಲ್ಲಿರಲಿಲ್ಲ. ಭಾನುವಾರ ವಸತಿ ಸಂಘದ ವಾರ್ಷಿಕ ಸಭೆ. ಹನ್ನೊಂದು ವರ್ಷ ಕಾರ್ಯದರ್ಶಿಯಾಗಿ ಇತರರ ಮಾತುಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದೂ ಬರೆದೂ ಬೆರಳು ಸವೆಸಿದ್ದ ಅವರು, ಈ ಬಾರಿ ಅಧ್ಯಕ್ಷಸ್ಥಾನಕ್ಕೆ ನಿಂತಿದ್ದರು. ಒಮ್ಮೆಯಾದರೂ ತಾವು ಮಾತಾಡಿ, ಬೇರೆ ಯಾರಾದರೂ ಬರೆದುಕೊಳ್ಳಬೇಕೆಂಬುದು ಅವರ ಜೀವಮಾನದ ಆಸೆ.

ಅದಕ್ಕೆ ಅವರು ಆರಿಸಿಕೊಂಡ ಅಸ್ತ್ರ, ಅಂಗಳದ ಹೀಟರ್ ಕಂಬ. ಅಲ್ಲಿ ಪ್ರತಿ ಕಾರಿಗೂ ಒಂದೊಂದು ಕಂಬ. ಅದರ ಪೆಟ್ಟಿಗೆಯೊಳಗೆ ಒಂದು ಸಾಕೆಟ್ಟು, ಒಂದು ಗಡಿಯಾರ. ಮುಳ್ಳನ್ನು ಯಾವ ಹೊತ್ತಿಗೆ ತಿರುಗಿಸುತ್ತೇವೋ ಆ ಹೊತ್ತಿಗೆ ವಿದ್ಯುತ್ತು ಹರಿದು ಎಂಜಿನ್ನು ಬೆಚ್ಚಗಾಗುತ್ತದೆ. ಊರೆಲ್ಲ ಎರಡು ಗಂಟೆ ಬಿಸಿ ಕೊಡುತ್ತಿತ್ತು. ತೈಸ್ತೋ ಕೊಡುತ್ತಿದ್ದುದು ಅರ್ಧ ಗಂಟೆ. ಪ್ರತಿ ರಾತ್ರಿ ಮುಳ್ಳನ್ನು ಆರೂವರೆಗೆ ತಿರುಗಿಸುವರು. ಏಳಕ್ಕೆ ಬಂದು ಕೀಲಿ ತಿರುಗಿಸಿದರೆ ಕಾರು ಗುರುಗುಟ್ಟುವುದು. ಕರೆಂಟು ಎಲ್ಲರ ಹಂಚಿಕೆಯದಾದ್ದರಿಂದ, ಎಲ್ಲರೂ ಅರ್ಧ ಗಂಟೆಗೆ ಇಳಿದರೆ ಸಂಘ ಉದ್ಧಾರವಾಗುತ್ತದೆಂಬುದು ಅವರ ಪ್ರಣಾಳಿಕೆ.

"ರೀ, ಆ ಅರ್ಧ ಗಂಟೆ ವಿಷಯ ಸಭೇಲಿ ಎತ್ಬೇಡಿ," ಎಂದರು ಇರ್ಮೆಲಿ, ಗಾಜು ಕೆರೆಯುತ್ತಲೇ. "ಮೆಟ್ಟಿಲಿಗೆ ಬಣ್ಣ ಹೊಡಿಸ್ತೀನಿ ಅನ್ನಿ. ಅದಕ್ಕೂ ಓಟು ಬರುತ್ತೆ."

"ನಲವತ್ತಾರು ಬೆಳಗಿನ ಪುರಾವೆ ಇದೆ ನನ್ನ ಹತ್ರ."

"ಒಂದೂವರೆ ಗಂಟೆ ಅನ್ನಿ ಹಾಗಾದ್ರೆ."

"ವಿಜ್ಞಾನದಲ್ಲಿ ಚೌಕಾಸಿ ಇಲ್ಲ ಇರ್ಮೆಲಿ."

ಇರ್ಮೆಲಿ ಏನೋ ಹೇಳಲು ಬಾಯಿ ತೆರೆದು, ಗಾಜಿಗೆ ಮಂಜು ಹಿಡಿದುದನ್ನು ನೋಡಿ ಮುಚ್ಚಿಕೊಂಡರು.

ಭಾನುವಾರ, ನೆಲಮಾಳಿಗೆಯ ಕೋಣೆಯಲ್ಲಿ, ಪಕ್ಕದ ಸೌನಾ ಎಂಬ ಉಗಿಸ್ನಾನದ ಕೋಣೆಯ ಬಿಸಿ ಗೋಡೆಗೆ ಬೆನ್ನು ಕೊಟ್ಟು ಹದಿನಾಲ್ಕು ಜನ ಕುಳಿತರು. ಕಾಫಿ, ಏಲಕ್ಕಿ ಬನ್ನು ಬಂದವು. ನಿವೃತ್ತರಾಗಲಿದ್ದ ಅಧ್ಯಕ್ಷೆ, ಎಪ್ಪತ್ತೆಂಟರ ಔನೆ ಅಜ್ಜಿ, ಕಾರಿಲ್ಲದಿದ್ದರೂ ಕಾರಿನ ಕರೆಂಟಿಗೆ ಪಾಲು ಕೊಡುತ್ತಿದ್ದವರು, ಅರ್ಧ ಗಂಟೆ ಎಂಬ ಮಾತು ಕೇಳಿಯೇ ತಲೆದೂಗಿದರು. ತೈಸ್ತೋ ದಿನಚರಿಯನ್ನು ತೆರೆದು, ನಲವತ್ತಾರು ಬೆಳಗುಗಳ ಉಷ್ಣಾಂಶವನ್ನು ಒಂದನ್ನೂ ಬಿಡದೆ ಪಾರಾಯಣ ಮಾಡಿದರು. ಇಬ್ಬರು ನಿದ್ದೆ ಹೋದರು. ಅದನ್ನು ಅವರು ಸಮ್ಮತಿಯೆಂದು ಭಾವಿಸಿದರು.

ಎದ್ದು ನಿಂತವನು ಮೇಲಿನ ಮಹಡಿಯ ಕೌಕೋ ಪೀಪ್ಪೋನೆನ್, ಲಾರಿ ಚಾಲಕ. ಅವನ ಸ್ವಂತ ಕಾರೂ ಸುಮಾರು ಲಾರಿಯಷ್ಟೇ ಇತ್ತು.

"ತೈಸ್ತೋ ಅವ್ರೇ, ನಿಮ್ದು ಕಾರಲ್ಲ, ಕಾಫಿ ಪಾತ್ರೆ. ಅರ್ಧ ಗಂಟೇಲಿ ಕುದಿಯುತ್ತೋ ಏನೋ. ನಮ್ಮದೆಲ್ಲ ಹಂಡೆ."

"ನನ್ನ ಹತ್ರ ನಲವತ್ತಾರು ಬೆಳಗಿನ ದಾಖಲೆ ಇದೆ. ನಿಮ್ಮ ಹತ್ರ ಏನಿದೆ?"

"ನನ್ನ ಹತ್ರ ಎರಡು ಕಣ್ಣಿವೆ. ನಾನು ದಿನಾ ಬೆಳಗ್ಗೆ ನಾಲ್ಕೂವರೆಗೆ..."

"ಕೌಕೋ," ಎಂದರು ಇರ್ಮೆಲಿ ಅವಸರವಾಗಿ, "ಇನ್ನೊಂದು ಬನ್ನು ತಗೊಳ್ಳಿ."

ಕೌಕೋ ಅವರ ಮುಖ ನೋಡಿದ, ಬನ್ನು ನೋಡಿದ, ಬನ್ನಿನಿಂದ ಬಾಯಿ ತುಂಬಿಕೊಂಡು ಕುಳಿತ.

ತೈಸ್ತೋ ಅಧ್ಯಕ್ಷರಾಗಬೇಕು, ಅರ್ಧ ಗಂಟೆಯ ನಿಯಮ ಅಂದಿನಿಂದಲೇ ಜಾರಿಯಾಗಬೇಕು, ಪ್ರತಿಯೊಬ್ಬರ ಗಡಿಯಾರವನ್ನೂ ಹೊರಡುವುದಕ್ಕೆ ಅರ್ಧ ಗಂಟೆ ಮುಂಚಿನ ಹೊತ್ತಿಗೆ ತಿರುಗಿಸಿ ಪೆಟ್ಟಿಗೆಗೆ ಬೀಗ ಹಾಕಬೇಕು, ಇದ್ದೊಂದು ಕೀಲಿ ಅಧ್ಯಕ್ಷರ ಜೇಬಿನಲ್ಲಿರಬೇಕು ಎಂಬ ನಿರ್ಣಯ ಎಂಟು ಮತ ಪಡೆದು ಗೆದ್ದಿತು. ವಿರುದ್ಧ ಎತ್ತಿದ ಕೈಗಳು ಆರು. ಆ ಆರನ್ನು ಎಣಿಸುತ್ತಿದ್ದ ನೂತನ ಅಧ್ಯಕ್ಷರು ಐದನೆಯದರ ಬಳಿ ನಿಂತುಬಿಟ್ಟರು. ಆ ಕೈಯಲ್ಲಿದ್ದುದು ಅವರೇ ತೊಡಿಸಿದ ಉಂಗುರ.

"ಸ್ವಂತ ಗಂಡನ ವಿರುದ್ಧ," ಎಂದರು ಮನೆಗೆ ಬಂದು, ಬೂಟು ಬಿಚ್ಚುವ ಮೊದಲೇ. "ಹೊರಗಿನವರು ಬೇರೆ ಏನು ಮಾಡ್ಬೇಕು?"

"ಕೂತ್ಕೊಳ್ಳಿ. ನಮ್ಮ ನಾಯಿ ಪೆನಿ ದಿನಾ ಬೆಳಗ್ಗೆ ನಾಲ್ಕೂವರೆಗೊಂದ್ಸಲ, ಆರೂಮುಕ್ಕಾಲಿಗೊಂದ್ಸಲ ಹೊರಗೆ ಹೋಗುತ್ತಲ್ಲ, ಯಾಕೆ?"

"ಮೂತ್ರಕೋಶದ ದೌರ್ಬಲ್ಯ." (ನವೆಂಬರ್ 3ರಿಂದ ಇದಕ್ಕೂ ದಿನಚರಿಯಲ್ಲಿ ಪ್ರತ್ಯೇಕ ಪುಟವಿತ್ತು.)

"ನಾಯಿಗೆ ಏನೂ ಆಗಿಲ್ಲ. ಹಾಸಿಗೆಯಿಂದ ಅದನ್ನ ಎಳ್ಕೊಂಡು ಹೋಗ್ಬೇಕು. ನಾಲ್ಕೂವರೆಗೆ ಹೋಗಿ ನಿಮ್ಮ ಮುಳ್ಳನ್ನ ಆ ಹೊತ್ತಿಗೇ ತಿರುಗಿಸಿ ಕರೆಂಟು ಹರಿಸ್ತೀನಿ. ಆರೂಮುಕ್ಕಾಲಿಗೆ ಹೋಗಿ ವಾಪಸ್ ನಿಮ್ಮ ಆರೂವರೆಗೇ ತಂದಿಡ್ತೀನಿ. ನಿಮ್ಮ ಕಾರು ಕುಡೀತಿರೋದು ಅರ್ಧ ಗಂಟೆ ಅಲ್ಲ, ಎರಡೂವರೆ ಗಂಟೆ."

ತೈಸ್ತೋ ಒಂದು ಬೂಟು ಬಿಚ್ಚಿ, ಅದನ್ನೇ ಮತ್ತೆ ಹಾಕಿಕೊಂಡರು.

"ಯಾಕೆ?"

"ಅಕ್ಟೋಬರ್ ಕೊನೇಲಿ ಒಂದಿನ ಅದು ಶುರುವಾಗ್ಲಿಲ್ಲ. ನೀವು ನಾಲ್ಕು ದಿನ ಮಾತಾಡ್ಲಿಲ್ಲ. ಐದನೇ ದಿನ ಶುರು ಮಾಡಿ ನಿಲ್ಲಿಸ್ಲೇ ಇಲ್ಲ. ಅದಕ್ಕಿಂತ ನಾಲ್ಕೂವರೆಗೆ ಏಳೋದು ಸುಲಭ ಅನ್ನಿಸ್ತು. ಈಗ ನೀವು ಪೆಟ್ಟಿಗೆಗೆ ಬೀಗ ಜಡಿಸಿದ್ದೀರಿ. ಹೋಗಿ, ಲೆಕ್ಕ ತಪ್ಪಾಗಿದೆ ಅಂತ ಎಲ್ಲರಿಗೂ ಹೇಳ್ಬನ್ನಿ."

ಹೇಳಿಬರಬೇಕಿತ್ತು. ಆದರೆ ಅಧ್ಯಕ್ಷರಾಗಿ ಇನ್ನೂ ಒಂದು ಗಂಟೆಯಾಗಿರಲಿಲ್ಲ. ಕೀಲಿ ಜೇಬಿನಲ್ಲಿ ಬೆಚ್ಚಗಿತ್ತು. ತೈಸ್ತೋ ಕಿಟಕಿಯ ಬಳಿ ನಿಂತು, ವಿಷಯವನ್ನು ಶಾಸ್ತ್ರೀಯವಾಗಿ ಪರಾಮರ್ಶಿಸಿದರು. ಪ್ರಯೋಗ ವಿಫಲವಾಗಿದೆಯೇ? ಇಲ್ಲ. ಪ್ರಯೋಗ ನಡೆದೇ ಇಲ್ಲ. ನಡೆಯದಿರುವ ಪ್ರಯೋಗ ವಿಫಲವಾಗುವುದಾದರೂ ಹೇಗೆ? ಅರ್ಧ ಗಂಟೆ ಸಾಕೆಂಬ ಸಿದ್ಧಾಂತ ಇನ್ನೂ ಕನ್ಯೆಯಂತೆ ನಿಷ್ಕಳಂಕವಾಗಿತ್ತು.

"ನಾಳೆ ಶುರುವಾಗುತ್ತೆ," ಎಂದರು.

"ಉಣ್ಣೆಯ ಎರಡನೇ ಕಾಲುಚೀಲ ಎಲ್ಲಿಟ್ಟಿದ್ದೀನಿ ನೋಡ್ತೀನಿ," ಎಂದು ಇರ್ಮೆಲಿ ಒಳಗೆ ಹೋದರು.

ಸೋಮವಾರ, ಬೆಳಿಗ್ಗೆ ಏಳು. ಶೂನ್ಯಕ್ಕಿಂತ ಮೂವತ್ತೇಳು ಡಿಗ್ರಿ ಕೆಳಗೆ. ಅಂಗಳದಲ್ಲಿ ಜನ ತಮ್ಮ ತಮ್ಮ ಕಾರಿನ ಪಕ್ಕ ನಿಂತಿದ್ದರು. ಯಾರೂ ಕೀಲಿ ತಿರುಗಿಸಿರಲಿಲ್ಲ. ಮೊದಲು ಅಧ್ಯಕ್ಷರು ಎಂಬುದು, ಯಾರೂ ಹೇಳದಿದ್ದರೂ, ಎಲ್ಲರ ನಿಲುವಿನಲ್ಲಿಯೂ ಕಾಣುತ್ತಿತ್ತು.

ತೈಸ್ತೋ ಕುಳಿತರು. ಕೀಲಿ ತಿರುಗಿಸಿದರು. ಪುಟ್ಟ ಎಂಜಿನ್ನು "ಉಂ" ಎಂದಿತು. ಎರಡನೆಯ ಸಲ, ಯಾರೋ ಹೊದಿಕೆ ಎಳೆದಂತೆ, "ಉಂಹುಂ" ಎಂದಿತು. ಮೂರನೆಯ ಸಲ ಏನನ್ನೂ ಅನ್ನಲಿಲ್ಲ. ಆಮೇಲೆ ಅಂಗಳದ ಎಲ್ಲ ಕಾರುಗಳೂ ಸರದಿಯ ಮೇಲೆ ಇದೇ ಅಭಿಪ್ರಾಯವನ್ನು ವ್ಯಕ್ತಪಡಿಸಿದವು.

ಗುರುಗುಟ್ಟುತ್ತಿದ್ದುದು ಒಂದೇ ಒಂದು. ಮೇಲಿನ ಮಹಡಿಯ ಅಡುಗೆಮನೆಯ ಕಿಟಕಿಯಿಂದ ಇಳಿಬಿದ್ದ ಕಿತ್ತಳೆ ಬಣ್ಣದ ವೈರು ಕೌಕೋನ ಕಾರಿನ ಮೂತಿಯೊಳಗೆ ಹೋಗಿತ್ತು. ಡೀಸೆಲ್ಲು ಮೇಣಗಟ್ಟಿದ್ದರಿಂದ ಆ ದಿನ ಅವನ ಲಾರಿಗೆ ರಜೆ. ಅವನು ಬಾಗಿಲು ತೆರೆದು ಹಿಡಿದ.

"ಹತ್ತಿ. ಕೆಲಸಕ್ಕೆ ಹೋಗೋರೆಲ್ಲ ಹತ್ತಿ. ಅಧ್ಯಕ್ಷರೇ, ನೀವೂ."

ಇರ್ಮೆಲಿ ಮುಂದೆ ಕುಳಿತರು. ಹಿಂದೆ ಮೂವರು, ಅವರ ಹಿಂದೆ, ಸಾಮಾನಿಡುವ ಜಾಗದಲ್ಲಿ, ಸಂಗೀತದ ಮೇಷ್ಟ್ರು ಮತ್ತು ಅಧ್ಯಕ್ಷರು ಮೊಣಕಾಲುಗಳನ್ನು ಗದ್ದಕ್ಕೆ ಆನಿಸಿ ಕುಳಿತರು. ಕಾರಿನೊಳಗೆ ಕೋಟು ಬಿಚ್ಚುವಷ್ಟು ಬಿಸಿಯಿತ್ತು. ತೈಸ್ತೋ ಅದನ್ನು ಗಮನಿಸದಿರಲು ಪ್ರಯತ್ನಿಸಿದರು.

"ತೈಸ್ತೋ ಅವ್ರೇ," ಎಂದ ಕೌಕೋ, ಕನ್ನಡಿಯಲ್ಲಿ ನೋಡುತ್ತ, "ಎಷ್ಟು ಜನ ಸೇರಿದ್ರೆ ಸಂಘದ ತುರ್ತುಸಭೆ ಅಂತ ನಿಯಮ?"

"ಏಳು."

"ಆ ನಿಯಮ ಬರ್ದೋರು ಯಾರು?"

"ನಾನೇ."

"ಒಳ್ಳೇ ನಿಯಮ. ಏಳು ಜನ ಇದ್ದೀವಿ. ಅಧ್ಯಕ್ಷರು ಇಳೀಬೇಕು ಅನ್ನೋರು ಕೈ ಎತ್ತಿ. ನಾನು ಎತ್ತೋಕಾಗಲ್ಲ, ರಸ್ತೆ ಜಾರ್ತಿದೆ, ನನ್ನದೊಂದು ಸೇರಿಸ್ಕೊಳ್ಳಿ."

ಆರು ಮತಗಳಾದವು. ಸಂಗೀತದ ಮೇಷ್ಟ್ರು ಕೈ ಎತ್ತಲು ಜಾಗವಿಲ್ಲದೆ "ನನ್ನದೂ" ಎಂದು ಶ್ರುತಿಬದ್ಧವಾಗಿ ಹೇಳಿದ್ದನ್ನೂ ಸೇರಿಸಿ.

"ಹೊಸ ಅಧ್ಯಕ್ಷರು?" ಎಂದರು ಹಿಂದಿನ ಸೀಟಿನವರು. "ಕೌಕೋ, ನೀನೇ ಆಗು."

"ನಾನ್ಯಾಕೆ? ಎರಡು ತಿಂಗಳಿಂದ ಕೆಲಸಕ್ಕೆ ಹೊರಡೋವಾಗ ದಿನಾ ನೋಡ್ತಿದ್ದೀನಿ. ಆ ಚಳೀಲಿ ಎದ್ದು ಬಂದು, ಟೊಪ್ಪಿ ಕಿವಿ ಮೇಲೆ ಎಳ್ಕೊಂಡು, ಕಂಬದ ಪೆಟ್ಟಿಗೆ ತೆಗೆದು ಮುಳ್ಳು ತಿರುಗಿಸೋರು ಒಬ್ರೇ. ಸಂಸಾರದ ವಿಷಯ ಅಂತ ಬಾಯಿ ಬಿಡ್ಲಿಲ್ಲ. ಹೀಟರ್ ಎಷ್ಟು ಹೊತ್ತು ಬೇಕು ಅಂತ ಈ ಬೀದೀಲಿ ಸರಿಯಾಗಿ ಗೊತ್ತಿರೋದು ಅವರಿಗೇ."

ಯಾರೆಂದು ಅವನು ಹೆಸರು ಹೇಳಲಿಲ್ಲ. ಮುಂದಿನ ಸೀಟಿನಲ್ಲಿ ಇರ್ಮೆಲಿಯ ಕಿವಿಗಳು ಕೆಂಪಾಗಿದ್ದುದೇ ಸಾಕಾಯಿತು. ಈ ಬಾರಿ ಕೈಗಳು ಎಷ್ಟು ಬೇಗ ಎದ್ದವೆಂದರೆ ಕಾರಿನ ಚಾವಣಿಗೆ ತಾಗಿ ಸದ್ದಾಯಿತು. ಇರ್ಮೆಲಿ ಹಿಂದಕ್ಕೆ ತಿರುಗಿ, ಮೂರು ತಲೆಗಳ ಮೇಲಿಂದ ಗಂಡನನ್ನು ನೋಡಿದರು.

"ನಿಮ್ಮದು, ಪರವೋ ವಿರುದ್ಧವೋ?"

ತೈಸ್ತೋ ಕೈ ಎತ್ತಿದರು. ಎತ್ತಿದ ಕೈಯನ್ನು ಕೆಳಗಿಳಿಸುವ ಮೊದಲೇ ಯಾರೋ ಅದರಲ್ಲಿ ಪೆನ್ಸಿಲು ಇಟ್ಟರು. ಸಂಘಕ್ಕೆ ಬೇರೆ ಕಾರ್ಯದರ್ಶಿ ಇನ್ನೂ ಆಯ್ಕೆಯಾಗಿರಲಿಲ್ಲ. ಅವರು ದಿನಚರಿಯನ್ನು ಮೊಣಕಾಲಿನ ಮೇಲೆ ತೆರೆದು, ಕಾರು ಜಾರಿದಾಗಲೆಲ್ಲ ಅಕ್ಷರಗಳು ಓಡಿಹೋಗುತ್ತಿದ್ದರೂ, ತಮ್ಮ ಪದಚ್ಯುತಿಯ ನಡಾವಳಿಯನ್ನು ತಾವೇ ಬರೆದುಕೊಂಡರು.

"ನಾನು ಹೇಳೋದು ಬರ್ಕೊಳ್ಳಿ," ಎಂದರು ಅಧ್ಯಕ್ಷೆ. "ಮೂವತ್ತು ಡಿಗ್ರಿ ದಾಟಿದ್ರೆ ಎರಡೂವರೆ ಗಂಟೆ. ಬರ್ದಾಯ್ತಾ?"

"ಆಯ್ತು."

"ಓದಿ ನೋಡೋಣ."

ತೈಸ್ತೋ ಓದಿದರು.

ಜನವರಿ 12ರ ಖರ್ಚು: ಬ್ಯಾಟರಿ ಚಾರ್ಜ್ ಮಾಡಿಸಿದ್ದು, 30 ಮಾರ್ಕ. ಕೌಕೋನ ಪೆಟ್ರೋಲಿಗೆ ನಮ್ಮ ಪಾಲು, 5 ಮಾರ್ಕ. ನೂತನ ಅಧ್ಯಕ್ಷರ ಅಭಿನಂದನೆಗೆ ಹೂಗುಚ್ಛ, 24 ಮಾರ್ಕ (ಅಧ್ಯಕ್ಷರು ಮನೆಯಲ್ಲೇ ಇರುವುದರಿಂದ ತಲುಪಿಸುವ ಖರ್ಚು ಇಲ್ಲ). ಒಟ್ಟು 59 ಮಾರ್ಕ.