ಮಾವನ ಮೂರು ಕಂಪ್ರೆಸರ್‌ಗಳು

ನಮ್ಮ ಸೋದರಮಾವನಿಗೆ ಹೆಂಡತಿಯ ಮೇಲೆ ಹೆಚ್ಚು ಪ್ರೀತಿಯೋ, ಕಂಪ್ರೆಸರ್‌ಗಳ ಮೇಲೋ? ಈ ಪ್ರಶ್ನೆಗೆ ಉತ್ತರಿಸಲು ನಾನು ಬಹಳ ವರ್ಷ ಹೆದರುತ್ತಿದ್ದೆ! ಕಂಪ್ರೆಸರ್ ಎಂದರೆ ಪಂಕ್ಚರ್ ಅಂಗಡಿಯದಲ್ಲ. ಹಾಡುವವರು ಕೂಗಿದಾಗ ದನಿಯನ್ನು ತಾನಾಗಿ ತಗ್ಗಿಸುವ ಪೆಟ್ಟಿಗೆ. ಕನಕಪುರದ ಮನೆಯ ಹಿಂದಿನ ಕೋಣೆಯಲ್ಲಿದ್ದ ಮಾವನ ಸ್ಟುಡಿಯೋದಲ್ಲಿ ಅಂಥವು ಮೂರಿದ್ದವು. ಒಂದರೊಳಗೆ ದನಿ ಏರಿದಂತೆ ಪುಟ್ಟ ದೀಪ ಉರಿಯುತ್ತದೆ, ಆ ಬೆಳಕು ಹೆಚ್ಚಿದಷ್ಟೂ ಪೆಟ್ಟಿಗೆ ನಿಧಾನವಾಗಿ ದನಿ ಇಳಿಸುತ್ತದೆ. ಇನ್ನೊಂದು ಟ್ರಾನ್ಸಿಸ್ಟರಿನದು, ಕಣ್ಣು ಮಿಟುಕಿಸುವುದರೊಳಗೆ ಅಮುಕಿಬಿಡುತ್ತದೆ. ಮೂರನೆಯದು ಹಳೇ ರೇಡಿಯೋಗಳಲ್ಲಿರುತ್ತಿದ್ದಂಥ ಗಾಜಿನ ವಾಲ್ವಿನದು. ಒರಟು ದನಿಗೂ ಬೆಣ್ಣೆ ಸವರುತ್ತದೆ.

ಮೂರರಲ್ಲೂ ದನಿ ಹೋಲಿಸಿ ನೋಡದೆ ಮಾವ ಯಾರನ್ನೂ ಬಿಟ್ಟವನಲ್ಲ. ಕಬ್ಬಾಳಮ್ಮ ದೇವಿಯ ಹಾಡು ರೆಕಾರ್ಡ್ ಮಾಡಿಸಲು ಬಂದವನಿಂದ ಒಂದೇ ಸಾಲನ್ನು ನಲವತ್ತು ಸಲ ಹಾಡಿಸಿದ.

"ಸಾಮಿ, ಅಮ್ಮ ಆಗ್ಲೇ ಒಲಿದ್ಬುಟ್ಲು. ನೀವ್ಯಾವಾಗ ಒಲಿಯೋದು?" ಎಂದು ಆತ ಕೈಮುಗಿದ.

ಸಾವಿನ ಮನೆಯಲ್ಲಾದರೂ ಸುಮ್ಮನಿದ್ದನೇ? ಗಂಡನ ಹೆಣದ ಮುಂದೆ ಪಕ್ಕದ ಮನೆಯಾಕೆ ಎದೆ ಬಡಿದುಕೊಳ್ಳುತ್ತಿದ್ದರೆ ಮಾವ ನನ್ನ ಕಿವಿಯಲ್ಲಿ, "ಈ ಅಳು ಟ್ರಾನ್ಸಿಸ್ಟರ್‌ಗೂ ಸಿಗಾಕಿಲ್ಲ ಕಣ್ಲಾ" ಎಂದ!

ಆಮೇಲೆ ಅತ್ತೆಗೆ ಗಂಟಲ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ಡಾಕ್ಟರು.

ಆಪರೇಷನ್ನಿಗೆ ಎರಡು ದಿನ ಮುಂಚೆ ಮಾವ ಅತ್ತೆಯನ್ನು ಮೈಕಿನ ಮುಂದೆ ಕೂರಿಸಿದ.

"ಏನ್ ಮಾತಾಡ್ಲಿ?"

"ದಿನಾ ಬಯ್ತೀಯಲ್ಲ, ಬಯ್ಯಿ."

ಅತ್ತೆ ಬೈದಳು. ನಡುನಡುವೆ ಕೆಮ್ಮಿದಳು. ಟ್ರಾನ್ಸಿಸ್ಟರ್ ಪೆಟ್ಟಿಗೆ ಕೆಮ್ಮನ್ನು ಅಮುಕುವ ರಭಸಕ್ಕೆ ಅದರ ಹಿಂದೆಯೇ ಬಂದ ಮಾತನ್ನೂ ನುಂಗಿತು. ದೀಪದ್ದು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಕೆಮ್ಮು ದಾಟಿಹೋಗಿರುತ್ತಿತ್ತು. ವಾಲ್ವಿನದರಲ್ಲಿ ಮಾತ್ರ ಕಾಯಿಲೆಯೇ ಇಲ್ಲದ ಹೆಂಗಸೊಬ್ಬಳು ಬೈಯುತ್ತಿದ್ದಳು. ಮಾವನ ಮುಖ ಅರಳಿತು. ಅದನ್ನು ಅತ್ತೆಗೂ ಕೇಳಿಸಿದ.

ಅತ್ತೆ ಹೆಡ್‌ಫೋನ್ ಕಿತ್ತಿಟ್ಟಳು. "ಇವ್ಳ್ಯಾರೋ ಬ್ಯಾರೆಯವ್ಳು. ನಂದೇ ಮಡಗು. ಕೆಮ್ಮೂ ಇರ್ಲಿ."

ಮಾವ ಮೂರೂ ಪೆಟ್ಟಿಗೆಗಳ ವೈರು ಬಿಚ್ಚಿ, ನೇರವಾಗಿ ರೆಕಾರ್ಡ್ ಮಾಡಿಕೊಂಡ.

ಆಪರೇಷನ್ ಆಯಿತು. ಅತ್ತೆ ಬದುಕಿದಳು; ದನಿ ಹೋಯಿತು. ಈಗ ಕತ್ತಿನ ತೂತಿನಿಂದ ಉಸಿರಾಡುತ್ತಾಳೆ, ತುಟಿಯಲ್ಲೇ ಮಾತಾಡುತ್ತಾಳೆ. ಅಲ್ಲೊಂದು ಇಲ್ಲೊಂದು ಅಕ್ಷರ ಗಾಳಿಯಂತೆ ಕೇಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮೊನ್ನೆ ಬೇಸಿಗೆಯ ಮಧ್ಯಾಹ್ನ ಹೋಗಿದ್ದೆ. ಕಿಟಕಿಗಳೆಲ್ಲ ಮುಚ್ಚಿದ್ದವು. ಇಬ್ಬರೂ ಬೆವರಿನಲ್ಲಿ ತೊಯ್ದು ಎದುರುಬದುರು ಕೂತಿದ್ದರು.

"ಮಾವ, ಫ್ಯಾನಾದ್ರೂ ಹಾಕ್ಬಾರ್ದಾ?" ಎಂದು ಸ್ವಿಚ್ಚಿಗೆ ಕೈ ಹಾಕಿದೆ.

"ಬ್ಯಾಡ ಕಣ್ಲಾ, ತಡಿ" ಎಂದು ಮಾವ ಅತ್ತೆಯ ಹತ್ತಿರ ಬಾಗಿದ. "ನಿಮ್ಮತ್ತೆ ಏನೋ ಹೇಳ್ತಾವ್ಳೆ."