ನಾಗಮಂಗಲದಲ್ಲೊಂದು ಅಟಕಾಮ

ಭೂಗೋಳದ ಮೇಷ್ಟ್ರಿಗೆ ಪಾಠದ ಹುಚ್ಚು ಹಿಡಿದರೆ ಊರಲ್ಲಿ ಏನಾದರೊಂದು ನಡೆದೇ ತೀರುತ್ತದೆ. ನನ್ನ ವಿಷಯದಲ್ಲಂತೂ ವಾರಕ್ಕೊಂದು ನಡೆಯುತ್ತಿತ್ತು. ತೊಂಬತ್ತರ ದಶಕದಲ್ಲಿ ನಾನು ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆ ಒಂದು ಹೈಸ್ಕೂಲಿನಲ್ಲಿದ್ದೆ. ಗೆದ್ದಲು ತಿಂದು ಉಳಿಸಿದ್ದು ಒಂದೇ ನಕ್ಷೆ, ದಕ್ಷಿಣ ಅಮೆರಿಕದ್ದು. ಅದರಲ್ಲಿ ಚಿಲಿ ದೇಶದ ಅಟಕಾಮ ಪ್ರಾಂತ್ಯ ಕಂಡರೆ ನನಗೆ ಮೈಯೆಲ್ಲ ಪುಳಕ. ಒಂದು ಕಡೆ ಪೆಸಿಫಿಕ್ ಸಾಗರ, ಇನ್ನೊಂದು ಕಡೆ ಆಂಡಿಸ್ ಪರ್ವತ, ನಡುವೆ ಮಳೆಯ ಮುಖ ಕಾಣದ ಮರಳುಗಾಡು! ಪುಸ್ತಕದಲ್ಲಿದ್ದದ್ದು ಎರಡು ಸಾಲು. ನಾನು ಎರಡು ವಾರ ಪಾಠ ಮಾಡುತ್ತಿದ್ದೆ.

ಯಾರ ಊರು?

ಒಂದು ದಿನ ದೇವಲಾಪುರದ ಕಡೆಯ ರೈತರೊಬ್ಬರು ಮಗಳ ನೋಟ್‌ಬುಕ್ಕು ಹಿಡಿದು ಸ್ಟಾಫ್ ರೂಮಿಗೆ ನುಗ್ಗಿದರು.

"ಮಳೆ ಇಲ್ಲ, ಮರ ಇಲ್ಲ, ಬರೀ ಕಲ್ಲು. ಇದ್ನ ಬರ್ಸಿದ್ದು ನೀವೇಯಾ ಮೇಷ್ಟ್ರೇ?"

"ಹೌದು, ಯಾಕೆ?"

"ನಮ್ಮೂರ್ ಮರ್ವಾದೆ ತೆಗೀತಿದ್ದೀರಲ್ಲ! ಬೀಗ್ರು ಓದುದ್ರೆ ನಮ್ ದೊಡ್ಡೋನಿಗೆ ಎಣ್ಣು ಕೊಟ್ಟಾರಾ?"

ಕೈಹಿಡಿದು ನಕ್ಷೆಯ ಮುಂದೆ ನಿಲ್ಲಿಸಿ, ಸಮುದ್ರ ತೋರಿಸಿದೆ. ಬಹಳ ಹೊತ್ತು ನೋಡಿ ನಿಟ್ಟುಸಿರು ಬಿಟ್ಟರು.

"ಅಂಗಾರೆ ನಮ್ದಲ್ಲ ಬುಡಿ. ನಮ್ಮೂರಾಗೆ ಸಮುದ್ರ ಇಲ್ಲ."

ರಾಜಧಾನಿ

ಅಟಕಾಮದ ರಾಜಧಾನಿ ಕೋಪಿಯಾಪೋ. ಮಕ್ಕಳ ನಾಲಿಗೆ ತಿರುಗಲಿಲ್ಲ. "'ಕೋಪ ಯಾಕಪ್ಪೋ' ಅಂತ ನೆನಪಿಟ್ಕೊಳ್ಳಿ" ಎಂದೆ.

ಅದೇ ವಾರ ಇಲಾಖೆಯ ಸಾಹೇಬರು ತಪಾಸಣೆಗೆ ಬಂದರು. ಜೀಪಿನಲ್ಲಿ ಕುಲುಕಿ ಕುಲುಕಿ ಮುಖ ಕೆಂಪಾಗಿತ್ತು. ನಕ್ಷೆ ನೋಡಿ, ಮುಂದಿನ ಬೆಂಚಿನ ಹುಡುಗಿಗೆ ಗದರಿದರು: "ಅಟಕಾಮದ ರಾಜಧಾನಿ ಯಾವುದು?"

ಅವಳು ಎದ್ದು ಅವರ ಮುಖವನ್ನೇ ನೋಡಿ, "ಕೋಪ ಯಾಕಪ್ಪೋ!" ಅಂದಳು.

"ಏನಂದೆ?"

ಅವಳ ಸಹಾಯಕ್ಕೆ ಇಡೀ ಕ್ಲಾಸೇ ಕಿರುಚಿತು: "ಕೋಪ ಯಾಕಪ್ಪೋ ಸಾ!"

ಸಾಹೇಬರು ಮೆತ್ತಗೆ ನನ್ನ ಕಡೆ ತಿರುಗಿದರು. "ಕೋಪ ಏನಿಲ್ಲ ಕಣ್ರೀ. ನಿಮ್ಮೂರ ರಸ್ತೆ ಸರಿ ಇಲ್ಲ, ಅಷ್ಟೆ."

ಜನಸಂಖ್ಯೆ

ಶನಿವಾರದ ಕೆ.ಆರ್. ಪೇಟೆ ಬಸ್ಸು. ಒಂಟಿ ಕಾಲಲ್ಲಿ ನಿಂತು ಜೊತೆಯ ಮೇಷ್ಟ್ರಿಗೆ ವಿವರಿಸುತ್ತಿದ್ದೆ: "ಅಟಕಾಮದ ಜನ ಎಲ್ಲ ನದಿ ಕಣಿವೇಲಿ, ಗಣಿ ಊರಲ್ಲಿ, ಬಂದರಲ್ಲಿ. ಮಿಕ್ಕ ಕಡೆ ಮೈಲಿಗಟ್ಟಲೆ ಹೋದ್ರೂ ಒಂದು ನರಪಿಳ್ಳೆ ಸಿಗಲ್ಲ!"

ನುಸುಳಿಕೊಂಡು ಬಂದ ಕಂಡಕ್ಟರ್, "ಅಲ್ಲಿಗೊಂದು ಟ್ರಾನ್ಸ್‌ಫರ್ ಕೊಡ್ಸಿ ಸಾ, ಪುಣ್ಯ ಬತ್ತದೆ" ಅಂದ.

ಸೊಪ್ಪಿನ ಬುಟ್ಟಿಯ ಅಜ್ಜಿ ಕೂಗಿದಳು: "ಅಲ್ಲೋಗಿ ಟಿಕೀಟ್ ಯಾರ್ಗ್ಲಾ ಅರಿದೀಯೆ? ಮೊದ್ಲು ನನ್ ಕಾಲ್ ಮ್ಯಾಗಿಂದ ಇಳಿ!"

ಬಲೆ

ಶಾಲೆಯ ಹ್ಯಾಂಡ್‌ಪಂಪ್ ಕೆಟ್ಟು ಮೂರು ತಿಂಗಳಾಗಿತ್ತು. ಮಕ್ಕಳು ಕುಡಿಯುವ ನೀರಿಗೆ ಮೈಲಿ ನಡೆಯುತ್ತಿದ್ದರು. ರಿಪೇರಿಯವನು "ನಾಳೆ ಬತ್ತೀನಿ ಸಾ" ಅನ್ನುತ್ತ ತಲೆತಪ್ಪಿಸಿಕೊಂಡು ತಿರುಗುತ್ತಿದ್ದ.

ಆಗ ಪತ್ರಿಕೆಯಲ್ಲಿ ಓದಿದೆ: ಚಿಲಿಯ ಕರಾವಳಿಯ ಒಂದು ಹಳ್ಳಿಯಲ್ಲಿ ಗುಡ್ಡದ ಮೇಲೆ ಬಲೆ ಕಟ್ಟಿ, ಮಂಜನ್ನು ಹಿಡಿದು ನೀರು ಮಾಡಿಕೊಳ್ಳುತ್ತಾರಂತೆ! ಮಾಗಿಯಲ್ಲಿ ನಮ್ಮ ಗುಡ್ಡಕ್ಕೂ ಮಂಜು ಬರುತ್ತದಲ್ಲ! ಕೂತಲ್ಲಿ ಕೂರಲಾಗಲಿಲ್ಲ. ನಾಗಮಂಗಲದಲ್ಲಿ ಹಾಸಿಗೆ ಹೊಲಿಯುವ ಸಾಬರ ಅಂಗಡಿಗೆ ಓಡಿದೆ.

"ಸೊಳ್ಳೆಪರದೆ ಬಟ್ಟೇಲಿ ಹತ್ತು ಗಜದ ಬಲೆ ಹೊಲ್ಕೊಡಿ ಭಾಯ್."

"ಇತ್ನಾ ಬಡಾ? ಇಷ್ಟು ದೊಡ್ಡದು ಯಾಕೆ ಮೇಷ್ಟ್ರೇ?"

"ಮಂಜು ಹಿಡಿಯೋಕೆ. ಈ ಸಲ ಬಿಡೋದೇ ಇಲ್ಲ!"

ಸಾಬರು ನನ್ನನ್ನು ಒಂದು ಥರಾ ನೋಡಿ ಹೊಲಿದುಕೊಟ್ಟರು.

ಮಕ್ಕಳೂ ನಾನೂ ಗುಡ್ಡದ ಮೇಲೆ ಗಳ ನೆಟ್ಟು ಬಲೆ ಕಟ್ಟಿದೆವು. ಮರುದಿನ ಬೆಳಿಗ್ಗೆ ಎದ್ದುಬಿದ್ದು ಹತ್ತಿದರೆ ಕೆಳಗಿಟ್ಟ ಬೋಗುಣಿಯಲ್ಲಿ ಅರ್ಧ ಲೋಟ ನೀರು, ಅದರಲ್ಲೊಂದು ಮಿಡತೆ. ಜೋಲುಮೋರೆ ಹಾಕಿಕೊಂಡು ಇಳಿದು ಬಂದರೆ ಶಾಲೆಯ ಅಂಗಳದಲ್ಲಿ ಠಣ್ ಠಣ್ ಸದ್ದು! ರಿಪೇರಿಯವನು ಬೆವರು ಸುರಿಸುತ್ತ ಸ್ಪಾನರ್ ತಿರುಗಿಸುತ್ತಿದ್ದಾನೆ. ಹಿಡಿ ಒತ್ತಿದ, ನೀರು ಭರ್ರೆಂದು ಧುಮುಕಿತು. ಮಕ್ಕಳು ಕುಣಿದಾಡಿಬಿಟ್ಟರು.

"ಏನ್ಲಾ, ಇವತ್ತು ಬಂದ್ಬುಟ್ಟೆ?"

ಅವನು ಕೈಮುಗಿದ. "ಸಾಬ್ರು ಯೋಳುದ್ರು ಸಾ. ಮೇಷ್ಟ್ರು ಬಲೆ ಒಲಿಸ್ಕೊಂಡವ್ರೆ, ಮಂಜುನ್ನ ಇಡೀದೆ ಬುಡಕಿಲ್ಲ ಅಂತಾವ್ರೆ ಅಂತ."

ಆಗ ಹೊಳೆಯಿತು. ಅವನ ಹೆಸರು ಮಂಜು.

"ಅತ್ತು ಗಜದ ಬಲೆ ಯಾಕ್ ಸಾ? ನಾನೇನ್ ಚಿರತೆಯಾ?"