ಗಂಟುಮರದ ಗಿಟಾರಿನ ದಿಗ್ವಿಜಯ

ಎಲೈ ವಾಗ್ದೇವಿಯೇ, ಸಕಲ ಸಾಮಗ್ರಿಗಳೂ ರಟ್ಟಿನ ಪೆಟ್ಟಿಗೆಯಲ್ಲಿ ಮನೆಬಾಗಿಲಿಗೇ ಬಂದು ಬೀಳುವ, ಮೊಬೈಲಿನಲ್ಲಿ ಎರಡು ವಿಡಿಯೋ ನೋಡಿದವರೆಲ್ಲ ವಿಶ್ವಕರ್ಮರಾಗುವ ಈ ಯುಗದಲ್ಲಿ, ತುಮಕೂರಿನ ಅಂಚೆಕಚೇರಿಯ ಗುಮಾಸ್ತನೂ, ಉಪ್ಪುಕಾಗದಘರ್ಷಣಪ್ರಚಂಡನೂ, ಪರೋಪದೇಶಶ್ರವಣವಿಮುಖನೂ ಆದ ಚಂದ್ರಮೌಳಿಯ ಮಹಾಕಾರ್ಯವನ್ನು ವರ್ಣಿಸುವ ಶಕ್ತಿಯನ್ನು ನನಗೆ ದಯಪಾಲಿಸು. ನೀನು ವೀಣೆಯವಳು, ಗಿಟಾರಿನ ವಿಷಯವೆಂದು ಮುಖ ತಿರುಗಿಸಬೇಡ.

ಚಂದ್ರಮೌಳಿ ತರಿಸಿದ, ಬಿಡಿಭಾಗಗಳಾಗಿ ಬಂದ ಎಲೆಕ್ಟ್ರಿಕ್ ಗಿಟಾರಿನ ಒಡಲು ಯಾವುದೋ ಬಡಪಾಯಿ ಮರದ್ದು. ಆದರೆ ಅದರ ಮೇಲೆ ಅಂಟಿಸಿದ್ದ ವೆನೀರು, ವೃದ್ಧವೃಕ್ಷವೊಂದರ ಗಂಟನ್ನು ಸೀಳಿ ತೆಗೆದ, ಉಗುರಿಗಿಂತ ತೆಳುವಾದ ಹಾಳೆ. ಸುಳಿಯೊಳಗೆ ಸುಳಿ, ಕಣ್ಣೊಳಗೆ ಕಣ್ಣು. ಹೊಳಪು ಕೊಡುವುದೊಂದೇ ಬಾಕಿ. ಇಪ್ಪತ್ತು ವರ್ಷದಿಂದ ಊರಿನ ಮಂಚ ಬೀರುಗಳಿಗೆ ಪಾಲಿಶ್ ಹಾಕಿಯೇ ಬದುಕಿರುವ ಬಾಮೈದ ಷಡಕ್ಷರಿ, ಅದನ್ನು ತನ್ನ ಅಂಗಡಿಗೆ ಕೊಟ್ಟುಬಿಡಿ ಎಂದ. ಕೊಡದಿದ್ದರೆ, ಕೊನೆಯ ಕೋಟು ವಾರ್ನಿಷ್ ಬಳಿದ ಮೇಲೆ ಹದಿನೈದು ದಿನ ಯಾರೂ ಮುಟ್ಟಕೂಡದು ಎಂದೂ ಹೇಳಿದ.

ತನ್ನ ಮದುವೆಯಲ್ಲಿ ಚಡ್ಡಿ ಹಾಕಿಕೊಂಡು ಲಾಡು ಕದ್ದವನ ಬಾಯಿಂದ ಇಂಥ ಮಾತೇ? ಚಂದ್ರಮೌಳಿ ಎದ್ದು ನಿಂತು, ಒಂಬತ್ತು ದಿನಗಳಾಚೆಯ ಆಯುಧಪೂಜೆಯ ಪುಣ್ಯಪ್ರಾತಃಕಾಲದಲ್ಲಿ ಆ ಗಿಟಾರು ದರ್ಪಣಸದೃಶವಾಗಿ ಬೆಳಗುವುದೆಂದೂ, ತಪ್ಪಿದಲ್ಲಿ ತಾನು ಷಡಕ್ಷರಿಯ ಕರ್ಮಶಾಲೆಯಲ್ಲಿ ದಾಸ್ಯವೃತ್ತಿಯನ್ನು ಕೈಗೊಳ್ಳುವೆನೆಂದೂ ಘೋರಪ್ರತಿಜ್ಞೆ ಮಾಡಿದನು. ಅಡುಗೆಮನೆಯಲ್ಲಿದ್ದ ಹೆಂಡತಿ ಸರ್ವಮಂಗಳೆಗೆ ಅದು ಕೇಳಿಸಿದ್ದು ಹೀಗೆ: “ನಿನ್ ಮೀಸೆ ಅದ್ರಲ್ಲಿ ಕಾಣ್ದೇ ಹೋದ್ರೆ, ಪ್ರತಿ ಭಾನುವಾರ ನಿನ್ನಂಗಡೀಲಿ ಕೂತು ಉಪ್ಪುಕಾಗದ ಉಜ್ತೀನಿ ಕಣೋ.”

ಅಂದಿನಿಂದ ಆ ಮನೆಯಲ್ಲಿ ಧೂಳೇಳುವುದೆಂದು ಕಸ ಗುಡಿಸುವುದು ನಿಷಿದ್ಧವಾಯಿತು; ಗಾಳಿಯೆಂದು ಫ್ಯಾನು, ಹೊಗೆಯೆಂದು ಸಾರಿನ ಒಗ್ಗರಣೆ ನಿಷಿದ್ಧವಾದವು. ಉಪ್ಪುಕಾಗದದಿಂದ ಹಗುರವಾಗಿ ಸವರಿ, ಬಟ್ಟೆಯಲ್ಲಿ ಒರೆಸಿ, ಕೋಟಿನ ಮೇಲೆ ಕೋಟು ಬಳಿದನು. ಒಂದು ಒಣಗಿತೋ ಇಲ್ಲವೋ, ಅಷ್ಟರಲ್ಲಿ ಇನ್ನೊಂದು. ಮೂರನೆಯ ಕೋಟಿನ ಮೇಲೆ ದಂಡೆತ್ತಿ ಬಂದ ನೊಣವೊಂದು ಅಲ್ಲಿಯೇ ವೀರಸ್ವರ್ಗ ಸೇರಿತು. ಅದರ ಒಂದು ಕಾಲು ಇಂದಿಗೂ ಅಲ್ಲಿದೆ. ಎಂಟು ದಿನ ಬೋಳುಸಾರು ಉಂಡ ಸರ್ವಮಂಗಳೆ ಒಂದೇ ಮಾತು ಹೇಳಿದಳು: “ಮುಟ್ಬೇಡಿ ಮುಟ್ಬೇಡಿ ಅಂತ ಊರಿಗೆಲ್ಲ ಹೇಳ್ತಿದೀರ. ನಿಮಗೂ ಒಂದ್ಸಲ ಹೇಳ್ಕೊಳ್ಳಿ.”

ಹಬ್ಬದ ಹಿಂದಿನ ದಿನ ಏಳನೆಯ ಕೋಟು ಬಿತ್ತು.

ಮರುದಿನ ಬೆಳಿಗ್ಗೆ ಈಳಿಗೆಮಣೆ, ಮಿಕ್ಸಿ, ಸ್ಕೂಟರಿನ ಕೀಲಿಗಳ ನಡುವೆ, ನೆಂಟರಿಷ್ಟರ ಕಣ್ಣೆದುರು, ಗಿಟಾರು ಧಗಧಗಿಸುತ್ತ ಮಲಗಿತ್ತು. ಷಡಕ್ಷರಿ ಬಗ್ಗಿ ನೋಡಿದ. ಅವನ ಮೀಸೆ, ಅದರಲ್ಲಿದ್ದ ಎರಡು ನರೆಗೂದಲ ಸಮೇತ, ಸ್ಪಷ್ಟವಾಗಿ ಕಾಣಿಸಿತು.

“ಗೆದ್ಬಿಟ್ರಿ ಭಾವ,” ಎಂದ.

ಚಂದ್ರಮೌಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆಗ ತಾಯಿ ನಂಜಮ್ಮ ವಿಭೂತಿಯ ಬಟ್ಟಲನ್ನು ಮುಂದೆ ಹಿಡಿದು, ಮಾಡಿದವನೇ ಹಚ್ಚಬೇಕೆಂದರು. ಒಂಬತ್ತು ದಿನ ಹೆಂಡತಿಯಿಂದ, ನೊಣಗಳಿಂದ, ಸಾಸಿವೆಯಿಂದ ಗಿಟಾರನ್ನು ಕಾಪಾಡಿದ ಆ ದುರ್ಗರಕ್ಷಣಧುರಂಧರನು, ವಿಭೂತಿಯನ್ನು ನೀರಲ್ಲಿ ಕಲಸಿ, ಭಕ್ತಿಯಿಂದ ಕಣ್ಣು ಮುಚ್ಚಿ, ಮೂರು ಬೆರಳುಗಳನ್ನೂ ಒತ್ತಿ ಎಡದಿಂದ ಬಲಕ್ಕೆ ಎಳೆದನು.

ಮೇಲೆ ಕೆನೆಗಟ್ಟಿದ್ದರೂ ಒಳಗೆ ವಾರ್ನಿಷ್ ಹಸಿಯಾಗಿತ್ತು. ಬೆರಳು ಹೋದಲ್ಲಿ ಮೂರು ಸಾಲು ಬಿದ್ದವು, ಸಾಲುಗಳಲ್ಲಿ ವಿಭೂತಿ ತುಂಬಿತು, ಸುತ್ತಲಿನ ಹೊಳಪೆಲ್ಲ ಸುಕ್ಕುಗಟ್ಟಿತು. ಅವನು ಗಾಬರಿಯಿಂದ ಅಂಗೈಯಲ್ಲಿ ಒರೆಸಿದ, ಅಂಗೈಯೂ ಮೂಡಿತು. ಷಡಕ್ಷರಿ ಮತ್ತೆ ಬಗ್ಗಿದ. ಮೀಸೆಯಿರಲಿ, ಮುಖವೇ ಇರಲಿಲ್ಲ. ಇನ್ನು ಇದನ್ನೆಲ್ಲ ತೆಗೆಯಹೋದರೆ ವೆನೀರೂ ಜೊತೆಗೇ ಹೋಗುತ್ತದೆಂದು ಮೆಲ್ಲಗೆ ಹೇಳಿದ. ಅವನು ನಗಲಿಲ್ಲ. ನಕ್ಕಿದ್ದರೆ ಚಂದ್ರಮೌಳಿಗೆ ಸಿಟ್ಟಾದರೂ ಬರುತ್ತಿತ್ತು. ಈಗ ಅಳು ಬಂತು.

“ಒರೆಸಿದ್ರೂ ಹೋಗ್ದಿರೋ ವಿಭೂತಿ. ಶಿವನೇ ಒಪ್ಕೊಂಡವ್ನೆ ಬಿಡಪ್ಪ,” ಎನ್ನುತ್ತ ನಂಜಮ್ಮ ಗಿಟಾರನ್ನು ದೇವರ ಕೋಣೆಯಲ್ಲಿ ಒರಗಿಸಿ, ಸ್ನಾನವಿಲ್ಲದೆ ಯಾರೂ ಅದನ್ನು ಮುಟ್ಟಬಾರದೆಂದರು. ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟಗುಟ್ಟಿತು.

ಭಾನುವಾರ ಹತ್ತು ಗಂಟೆಗೆ ಚಂದ್ರಮೌಳಿ ಬಾಮೈದನ ಅಂಗಡಿಯಲ್ಲಿ ಕೂತು, ಯಾರದೋ ಮನೆಯ ಊಟದ ಮಣೆಯನ್ನು ಉಜ್ಜುತ್ತಿದ್ದ.

“ಅಡ್ಡಡ್ಡ ಬೇಡಿ ಭಾವ,” ಎಂದ ಷಡಕ್ಷರಿ. “ಉದ್ದಕ್ಕೆ ಉಜ್ಜಿ.”

ಚಂದ್ರಮೌಳಿ ಉದ್ದಕ್ಕೆ ಉಜ್ಜಿದ.